ಮಂಜುಗಡ್ಡೆಯ ಮೇಲೆ ಶತಪಾವಲಿ

ಅವರು ತೀರಿಕೊಂಡು ಒಂದು ತಿಂಗಳಾದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. "ಇವರ ಬಗ್ಗೆ ಇಂಗ್ಲಿಷಿನಾಗ ಎಲ್ಲಾರೂ ಬರದಾರ. ಭಾಳ ಛಲೋ ಬರದಾರ. ಆದ್ರ ಅದರಾಗ ಇವರು ಎಲ್ಲೂ ಕಾಣಂಗಿಲ್ಲ. ನೀ ಒಂದು ಕನ್ನಡದಾಗ ಬರಿ, ನಾ ಓದತೀನಿ," ಎಂದರು.

ಒಪ್ಪಿಕೊಂಡೆ. ಹಳೆಯ ಡೈರಿಗಳನ್ನು ಲಾಫ್ಟಿನಿಂದ ಇಳಿಸಿಕೊಂಡು ಕೂತ ಮೇಲೆ ಕಷ್ಟ ಶುರುವಾಯಿತು. ಅವರ ಬಗ್ಗೆ ನಾನು ಊಟದ ಮೇಜುಗಳಲ್ಲಿ ಹೇಳಿ ನಗಿಸಿದ ಕತೆಗಳಲ್ಲಿ ಅರ್ಧದಷ್ಟು ಡೈರಿಯಲ್ಲಿ ಬೇರೆ ಥರ ಇವೆ. ಕೆಲವು ಇಲ್ಲವೇ ಇಲ್ಲ. ಡೈರಿಯೇ ನಿಜ ಎಂದೂ ಅಲ್ಲ. ಅದನ್ನು ಬರೆದವಳೂ ನಾನೇ, ಅದೂ ಆಯಾ ದಿನದ ಸಿಟ್ಟಿನಲ್ಲಿ, ನಿದ್ದೆಗಣ್ಣಿನಲ್ಲಿ. ಎರಡೂ ಒಪ್ಪಿದ ಕಡೆ ಧೈರ್ಯವಾಗಿ ಬರೆಯುತ್ತೇನೆ. ಒಪ್ಪದ ಕಡೆ ಹೇಳಿಬಿಡುತ್ತೇನೆ.

"ಹೆಸರು ಹಾಕಲಾ ಕಾಕು?" ಎಂದು ಅವರ ಹೆಂಡತಿಯನ್ನು ಕೇಳಿದ್ದೆ.

"ಯಾತಕ್ಕ? ನನಗ ಗೊತ್ತದಲ್ಲ," ಎಂದರು. ಹಾಗಾಗಿ ಹೆಸರಿಲ್ಲ.

ಅವರು ಲಂಡನ್ನಿನ ನಮ್ಮ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಸಮುದ್ರವನ್ನು ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಧಾರವಾಡದವರು, ಮನೆ ಊರಂಚಿನ ಕೆಂಟನ್ನಿನಲ್ಲಿ, ಓಡಾಟ ಬೇಕರ್ಲೂ ಲೈನಿನ ಟ್ಯೂಬ್ ರೈಲಿನಲ್ಲಿ. ನಾನು ಮೈಸೂರಿನಿಂದ ಪಿಎಚ್.ಡಿ. ಮಾಡಲು ಬಂದವಳು. ಉತ್ತರ ಧ್ರುವದ ಮಂಜುಗಡ್ಡೆಯ ಕೆಳಗೆ ನೀರು ಎಷ್ಟು ಕಲಕುತ್ತದೆ ಎನ್ನುವುದು ನನ್ನ ವಿಷಯ. ಅಲ್ಲಿ ಆಳದಲ್ಲಿ ಸ್ವಲ್ಪ ಬೆಚ್ಚಗಿನ ಉಪ್ಪುನೀರು ಇದೆ. ಅದರ ಮೇಲೆ ಹಗುರವಾದ ತಣ್ಣೀರು, ಅದರ ಮೇಲೆ ಗಡ್ಡೆ. ಕಲಕಿದರೆ ಕೆಳಗಿನ ಬಿಸಿ ಮೇಲೆ ಬಂದು ಗಡ್ಡೆ ಕರಗುತ್ತದೆ, ಕಲಕದಿದ್ದರೆ ಇಲ್ಲ.

ಅದನ್ನು ಅಳೆಯಲು ಗಡ್ಡೆಗೆ ತೂತು ಕೊರೆದು ಒಂದು ಆಳುದ್ದದ ಕೊಳವೆಯನ್ನು ಬಿಡುತ್ತೇವೆ. ಕೊಳವೆಯ ಮೂತಿಯಲ್ಲಿ ಭತ್ತದ ಕಾಳಿನಷ್ಟು ದೊಡ್ಡ ಎರಡು ಮೊನೆಗಳಿರುತ್ತವೆ. ಬೀಳುವಾಗ ಬೆರಳಗಲದ ಸುಳಿ ತಾಕಿದರೂ ಅವು ನಡುಗಿ ತಿಳಿಸುತ್ತವೆ. ತೊಂದರೆ ಏನೆಂದರೆ, ಹತ್ತಿರದಲ್ಲಿ ಯಾರಾದರೂ ಕೆಮ್ಮಿದರೂ ಅಷ್ಟೇ ನಿಷ್ಠೆಯಿಂದ ತಿಳಿಸುತ್ತವೆ. ಈ ಎರಡನೆಯದರ ಮೇಲೆ ಅವರು ಮೂವತ್ತು ವರ್ಷ ಯುದ್ಧ ಮಾಡಿದರು. ಆ ಶತ್ರುವನ್ನು ಅವರು ಕರೆಯುತ್ತಿದ್ದದ್ದು "ಗದ್ದಲ" ಎಂದು.

ಮೊದಲ ದಿನ ನಾನು ನೆಲಮಾಳಿಗೆಯ ಬಾಗಿಲು ತೆಗೆದು ನಾಲ್ಕು ಹೆಜ್ಜೆ ಇಟ್ಟಿದ್ದೆ. ಕಂಪ್ಯೂಟರಿನ ಮುಂದೆ ನನಗೆ ಬೆನ್ನು ಹಾಕಿ ಕೂತಿದ್ದ ವ್ಯಕ್ತಿ ತಿರುಗದೆಯೇ ಇಂಗ್ಲಿಷಿನಲ್ಲಿ, ನಿಲ್ಲಿ ಎಂದರು. ನಿಂತೆ. ಪರದೆಯ ಮೇಲಿನ ಗೆರೆಯಲ್ಲಿ ನಾಲ್ಕು ಉಬ್ಬುಗಳನ್ನು ತೋರಿಸಿ, ಇದು ನೀವು, ಎರಡನೆಯದು ಮೂರನೆಯದಕ್ಕಿಂತ ಭಾರ, ಎಂದರು. ಆಮೇಲೆ ನನ್ನ ಕೊರಳಿನ ಬ್ಯಾಜ್ ಓದಿ, ಕನ್ನಡಕ ಮೇಲೆತ್ತಿ, "ಎಡಗಾಲಿಗೆ ಏನಾಗೇದ ತಂಗಿ?" ಎಂದರು. ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಾಲು ಉಳುಕಿತ್ತು. ಇದನ್ನು ನೂರು ಸಲ ಹೇಳಿದ್ದೇನೆ. ಡೈರಿಯಲ್ಲಿ ಬಲಗಾಲು ಎಂದಿದೆ.

ನೆಲಮಾಳಿಗೆಯ ಕುರ್ಚಿಗಳ ಕಾಲಿಗೆಲ್ಲ ಹಳೆಯ ಸ್ವೆಟರುಗಳಿಂದ ಹೊಲಿದ ಕಾಲುಚೀಲ ಇದ್ದವು. ಹೊಲಿದವರು ಅವರ ಹೆಂಡತಿ. ಟ್ಯೂಬಿನಲ್ಲಿ ಅವರು ಕಂಬ ಹಿಡಿಯುತ್ತಿದ್ದದ್ದು ಬೀಳದಿರಲು ಅಲ್ಲ, ರೈಲಿನ ನಾಡಿ ನೋಡಲು. ಮನೆಯ ವಾಷಿಂಗ್ ಮಷೀನು ತಿರುಗುವಾಗ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, "ಬೇರಿಂಗ್ ಹೋಗ್ಯದ. ಎಂಟು ವಾರ ಬಾಳತದ," ಎಂದರಂತೆ. ಅದು ಹನ್ನೊಂದು ವಾರ ನಡೆಯಿತು. ಮಷೀನು ಹೋದದ್ದಕ್ಕಿಂತ ಲೆಕ್ಕ ಮೂರು ವಾರ ತಪ್ಪಿದ್ದಕ್ಕೆ ಅವರಿಗೆ ಬೇಸರವಾಯಿತು.

"ಈ ಮನ್ಯಾಗ ಮಿಕ್ಸರ್ ಹಚ್ಚಬೇಕಾದ್ರ ಪರ್ಮಿಶನ್ ತಗೋಬೇಕು ನೋಡವಾ," ಎಂದು ಅವರ ಹೆಂಡತಿ ನನಗೆ ಮೊದಲ ಭೇಟಿಯಲ್ಲೇ ಹೇಳಿದ್ದರು. ಅವರನ್ನು ಆಂಟಿ ಎಂದು ಕರೆದಿದ್ದೆ. "ಆಂಟಿ ಅನಬ್ಯಾಡ. ಕೆಂಟನ್ನಿನಾಗ ಬಸ್ ಸ್ಟಾಪಿಗೊಬ್ಬಾಕಿ ಆಂಟಿ ಇದ್ದಾಳ. ಕಾಕು ಅನ್ನು," ಎಂದರು. ಹೀಗೆ ಅವರು ಕಾಕು, ಅಂದರೆ ಚಿಕ್ಕಮ್ಮ ಆದರು, ಇವರು ಕಾಕಾ ಆದರು.

ಸಮುದ್ರದ ಒಳಗಿನ ಅಲೆ ಎಂದರೇನು ಎಂದು ನನಗೆ ನಿಜವಾಗಿ ಅರ್ಥವಾದದ್ದು ಅವರ ಊಟದ ಮೇಜಿನಲ್ಲಿ. ಎರಡು ವರ್ಷದ ಓದು ಅದಕ್ಕೆ ಮುಂಚೆ ಆಗಿತ್ತು. ಕಾಕು ಗಾಜಿನ ಬೋಗುಣಿಯಲ್ಲಿ ಸಾರು ತಂದಿಟ್ಟರು. ಇವರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಂದಿಷ್ಟು ವಾಲಿಸಿದರು. "ಮ್ಯಾಲೆ ತಿಳಿ, ತಳದಾಗ ಬ್ಯಾಳಿ. ಮ್ಯಾಲಿನ ಅಂಚು ನೋಡಬ್ಯಾಡ. ನಡುವಿನ ಗಡಿ ನೋಡು. ಹೆಂಗ ಸಾವಕಾಶ ತೂಗತದ. ಮ್ಯಾಲೆ ಕೂತಾವಗ ಏನೂ ಗೊತ್ತಾಗಂಗಿಲ್ಲ." ಗಡಿ ನಿಜಕ್ಕೂ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

"ಉಣ್ಣಾವ್ರಿಗೆ ಕೊಡತೀರೋ, ಪಾಠಾ ಮುಗಿಸೇ ಕೊಡತೀರೋ?" ಎಂದರು ಕಾಕು.

ಮರುವರ್ಷ ಏಪ್ರಿಲ್ ಕೊನೆಗೆ ನಾವು ಹನ್ನೊಂದು ಜನ ಉತ್ತರಕ್ಕೆ ಹೋದೆವು. ತೇಲುವ ಗಡ್ಡೆಯ ಮೇಲೆ ಡೇರೆ ಹಾಕಿ ಐದೂವರೆ ವಾರ. ಶಿಬಿರದ ಮುಖ್ಯಸ್ಥೆ ನನ್ನ ಪ್ರೊಫೆಸರ್, ಎತ್ತರದ, ಕಡಿಮೆ ಮಾತಿನ ಇಂಗ್ಲಿಷ್ ಮಹಿಳೆ. ಆದರೆ ಕೊಳವೆ ನೀರಿನಲ್ಲಿರುವ ಹನ್ನೆರಡು ನಿಮಿಷ ಇವರೇ ಮುಖ್ಯಸ್ಥರು. ಇವರ ಕೈ ಮೇಲೆದ್ದರೆ ಜನರೇಟರ್ ನಿಲ್ಲಬೇಕು, ನಡೆಯುತ್ತಿದ್ದವರು ಇದ್ದಲ್ಲೇ ಕೂರಬೇಕು. ಒಮ್ಮೆ ಪ್ರೊಫೆಸರ್ ಶೌಚದ ಡೇರೆಯ ಕಡೆ ಸ್ವಲ್ಪ ಅವಸರದಲ್ಲಿ ಹೊರಟಿದ್ದಾಗ ಕೈ ಎದ್ದಿತು. ಅವರು ಮಂಜಿನ ಮೇಲೆ ಕುಕ್ಕರಿಸಿದರು. ಹನ್ನೆರಡು ನಿಮಿಷ ಅವರ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. ಕೊಳವೆ ಮೇಲೆ ಬಂದ ಮೇಲೆ ಇವರು ಹೋಗಿ, ಇವತ್ತಿನಷ್ಟು ಚೊಕ್ಕ ದಾಖಲೆ ಇದುವರೆಗೆ ಬಂದಿರಲಿಲ್ಲ, ಧನ್ಯವಾದ, ಎಂದರು. ಪ್ರೊಫೆಸರ್ ಉತ್ತರಕ್ಕೆ ನಿಲ್ಲಲಿಲ್ಲ.

ಕೊಳವೆ ಬಿಡುತ್ತಿದ್ದದ್ದು ಉಬ್ಬರದ ಲೆಕ್ಕ ಹಿಡಿದು. ದಿನಕ್ಕೆರಡು ಸಲ, ಪ್ರತಿದಿನ ಐವತ್ತು ನಿಮಿಷ ತಡವಾಗಿ, ಚಂದ್ರ ಹೇಳಿದ ಹಾಗೆ. ಕೊಳವೆ ಒಳಗೆ ಬಂದ ಮೇಲೆ ಊಟ. ಹೊರಗೆ ಸೂರ್ಯ ಮುಳುಗುವುದೇ ಇಲ್ಲದ್ದರಿಂದ ಅದು ಬೆಳಗಿನ ಊಟವೋ ರಾತ್ರಿಯದೋ ಯಾರೂ ಕೇಳುತ್ತಿರಲಿಲ್ಲ. ಉಂಡು ನಾನು ನೇರ ಸ್ಲೀಪಿಂಗ್ ಬ್ಯಾಗಿಗೆ. ಅವರು ಶತಪಾವಲಿಗೆ. ಊಟವಾದ ಮೇಲೆ ನೂರು ಹೆಜ್ಜೆ ಅಡ್ಡಾಡುವುದಕ್ಕೆ ಧಾರವಾಡದ ಕಡೆ ಹಾಗೆನ್ನುತ್ತಾರೆ. ಕೊಳವೆ ಆಗ ನೀರಿನಲ್ಲಿ ಇರುತ್ತಿರಲಿಲ್ಲವಾದ್ದರಿಂದ ಅವರ ಕಾನೂನಿನ ಪ್ರಕಾರ ಅದು ಗದ್ದಲವಲ್ಲ.

ಹದಿನೈದು ದಿನಕ್ಕೊಮ್ಮೆ ಏಕಾದಶಿ ಉಪವಾಸ. ಎರಡು ಲೋಟ ಬಿಸಿ ಹಾಲು ಬಿಟ್ಟರೆ ಏನೂ ಇಲ್ಲ. ಶಿಬಿರದ ವೈದ್ಯರು ಈ ಚಳಿಯಲ್ಲಿ ಇದು ಹುಚ್ಚು ಎಂದರು. ನನಗೆ ಬೇರೆಯೇ ಅನುಮಾನ ಇತ್ತು.

"ಕಾಕಾ, ತಿಥಿ ಸೂರ್ಯೋದಯದಿಂದ ಲೆಕ್ಕ ಅಲ್ವಾ? ಇಲ್ಲಿ ಸೂರ್ಯ ಹುಟ್ಟೋದೇ ಇಲ್ವಲ್ಲ."

ಅವರು ಬಲಗೈಯ ಗವಸು ಸರಿಸಿ ತೋರಿಸಿದರು. ಎಡಗೈಯಲ್ಲಿ ಶಿಬಿರದ ಗಡಿಯಾರ, ಬಲಗೈಯಲ್ಲಿ ಇನ್ನೊಂದು. "ಧಾರವಾಡದಾಗ ಹುಟ್ಟತಾನಲ್ಲ," ಎಂದರು.

ನಾನು ಕೊಳವೆಯ ಜೊತೆಗೆ ನನ್ನದೇ ಒಂದು ಪುಟ್ಟ ಪೆಟ್ಟಿಗೆಯನ್ನೂ ತಂದಿದ್ದೆ, ಟಿಲ್ಟ್ ಮೀಟರ್. ಒಳಗಿನ ಅಲೆ ಹಾದು ಹೋಗುವಾಗ ಮೇಲಿನ ಗಡ್ಡೆ ಕೂದಲೆಳೆಯಷ್ಟು ವಾಲುತ್ತದೆ. ಪೆಟ್ಟಿಗೆ ಅದನ್ನು ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ಅದು ಊಟದ ಡೇರೆಯಿಂದ ಹದಿನಾಲ್ಕು ಮೀಟರ್ ದೂರದಲ್ಲಿ, ಮಂಜಿನಲ್ಲಿ ಹೂತು ಕೂತಿತ್ತು.

ಲಂಡನ್ನಿಗೆ ಬಂದು ಆ ದಾಖಲೆ ಬಿಚ್ಚಿದೆ. ಪ್ರತಿ ಉಬ್ಬರದ ನಂತರ, ಒಂದು ಗಂಟೆ ಬಿಟ್ಟು, ಏಳು ಅಲೆಗಳ ಒಂದು ಸಾಲು. ಒಂದೊಂದು ಅಲೆ ಸುಮಾರು ಮೂರು ನಿಮಿಷ. ಮುಂದಿನದು ದೊಡ್ಡದು, ಹಿಂದಿನವು ಕ್ರಮವಾಗಿ ಚಿಕ್ಕವು, ಪಠ್ಯಪುಸ್ತಕದಲ್ಲಿ ಬರೆಯುವ ಹಾಗೆಯೇ. ಪ್ರತಿದಿನ ಐವತ್ತು ನಿಮಿಷ ತಡವಾಗಿ, ಚಂದ್ರನ ಹಿಂದೆಯೇ. ಇದರ ಮೇಲೆ ಇನ್ನೊಂದು ಬಹುಮಾನ: ಉಬ್ಬರ ದುರ್ಬಲವಾಗುವ ದಿನಗಳ ಆಸುಪಾಸಿನಲ್ಲಿ, ಮೂರು ಸಲ, ಅಲೆಗಳು ಪೂರ್ತಿ ಮಾಯ. ಆ ಮಾಯವಾಗುವಿಕೆ ಒಂದೆರಡು ದಿನ ತಡವಾಗಿತ್ತು ನಿಜ. ಅದಕ್ಕೊಂದು ಅಡಿಟಿಪ್ಪಣಿ ಬರೆದೆ. ಪ್ರೊಫೆಸರ್ ಚಿತ್ರವನ್ನು ಬಹಳ ಹೊತ್ತು ನೋಡಿ ಹೋದರು. ಮರುದಿನ ನನ್ನ ಮೇಜಿನ ಮೇಲೆ ತಾವೇ ಮಾಡಿದ ಕೇಕಿನ ಒಂದು ತುಂಡು ಇತ್ತು. ಇಂಗ್ಲಿಷರಲ್ಲಿ ಇದು ಆನೆಯ ಮೇಲೆ ಮೆರವಣಿಗೆ ಮಾಡಿಸಿದ್ದಕ್ಕೆ ಸಮ.

ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಇದೇ. ಮೊದಲ ಮೂರು ಇದಕ್ಕೆ ಪೀಠಿಕೆ. ಮೇ ತಿಂಗಳಲ್ಲಿ ಒಪ್ಪಿಸಿದೆ. ಜೂನ್ ಕೊನೆಗೆ ವೈವಾ, ಅಂದರೆ ಇಬ್ಬರು ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ. ಅದಾದರೆ ಅದೇ ವಿಭಾಗದಲ್ಲಿ ಕೆಲಸ, ಕೆಲಸ ಸಿಕ್ಕರೆ ವೀಸಾ. ವೀಸಾ ಮುಗಿಯಲು ಎರಡು ತಿಂಗಳಿತ್ತು.

ವೈವಾಕ್ಕೆ ಹತ್ತೊಂಬತ್ತು ದಿನ ಇರುವಾಗ, ಒಂದು ಭಾನುವಾರ, ಬೈಂಡ್ ಮಾಡಿಸಿದ ಪ್ರತಿ ಹಿಡಿದು ಹೇಳದೆ ಕೇಳದೆ ಕೆಂಟನ್ನಿಗೆ ಹೋದೆ. ಕಾಕು ಉಪ್ಪಿಟ್ಟು ಮಾಡಿಕೊಟ್ಟರು. ತಮಗೆ ಸಕ್ಕರೆ ಕಾಯಿಲೆ, ಉಪವಾಸ ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದು ತಾವೂ ಒಂದು ತಟ್ಟೆ ಹಾಕಿಕೊಂಡರು. ಇವರು ಹಾಲಿನ ಲೋಟ ಪಕ್ಕಕ್ಕಿಟ್ಟು ನಾಲ್ಕನೆಯ ಅಧ್ಯಾಯದ ದೊಡ್ಡ ಚಿತ್ರವನ್ನು ಬೆರಳಿನಲ್ಲಿ ಓದುತ್ತಿದ್ದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. ಅಥವಾ ಈಗ ನನಗೆ ಹಾಗನ್ನಿಸುತ್ತದೆ.

ತಟ್ಟೆ ತೊಳೆದಿಟ್ಟು, "ಕಾಕಾ, ಶತಪಾವಲಿಗೆ ಹೋಗೋಣ್ವಾ?" ಎಂದೆ. ಅಲ್ಲಿ ಉಂಡವರು ಅವರ ಜೊತೆ ಒಂದು ಸುತ್ತು ಹೋಗಲೇಬೇಕಿತ್ತು, ಅದು ಮನೆಯ ನಿಯಮ.

"ಇವತ್ತೆಲ್ಲೀ ಶತಪಾವಲಿ," ಎಂದರು ಕಾಕು. "ಏಕಾದಶಿ ಅಲ್ಲೇನು? ಉಂಡಾರೇನು ಅವರು, ಅಡ್ಡಾಡಲಿಕ್ಕೆ?"

ಚಿತ್ರದ ಮೇಲೆ ಹರಿಯುತ್ತಿದ್ದ ಬೆರಳು ಮೊದಲನೆಯ ಖಾಲಿ ಜಾಗದ ಮೇಲೆ ನಿಂತಿತು. ಅಲ್ಲಿಂದ ಎರಡನೆಯದಕ್ಕೆ ಹೋಯಿತು. ಮೂರನೆಯದಕ್ಕೆ ಹೋಯಿತು. ಅವರು ಎದ್ದು ಡ್ರಾಯರ್ ಎಳೆದು, ಶಿಬಿರಕ್ಕೆ ಹೋದ ವರ್ಷದ, ಎರಡು ವರ್ಷ ಹಳೆಯ ಪಂಚಾಂಗ ತೆಗೆದರು. ಅವರು ಯಾವುದನ್ನೂ ಎಸೆಯುವವರಲ್ಲ. ಎರಡು ಹಾಳೆ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ತಂಗಿ, ಈ ಮೂರು ದಿವಸ ಅಲೆ ಯಾಕ ಇಲ್ಲ?"

"ಉಬ್ಬರ ದುರ್ಬಲ ಇತ್ತು ಕಾಕಾ. ಬರೆದಿದ್ದೀನಲ್ಲ."

"ಅಲ್ಲ. ಈ ಮೂರು ದಿವಸ ನಾ ಉಂಡಿದ್ದಿಲ್ಲ."

ನನಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ ತಿಳಿಯದು. ಉಬ್ಬರಕ್ಕೆ ಕೊಳವೆಯನ್ನು ಕಟ್ಟಿದವರು ನಾವು. ಕೊಳವೆಗೆ ಊಟವನ್ನು ಕಟ್ಟಿದವರು ನಾವು. ಊಟಕ್ಕೆ ಶತಪಾವಲಿಯನ್ನು ಕಟ್ಟಿದ್ದು ಧಾರವಾಡ. ಅವರ ಶತಪಾವಲಿ ಎಂದರೆ ಸುತ್ತಿಗೆ ನೂರು ಹೆಜ್ಜೆಯಂತೆ ಊಟದ ಡೇರೆಗೆ ಏಳು ಸುತ್ತು. ಪ್ರತಿ ಸುತ್ತಿಗೆ ಒಮ್ಮೆ ನನ್ನ ಪೆಟ್ಟಿಗೆಯ ಪಕ್ಕ ಹಾದು ಹೋಗುವಾಗ ಅವರ ಭಾರಕ್ಕೆ ಗಡ್ಡೆ ಒಂದಿಷ್ಟು ವಾಲುತ್ತದೆ. ಸುಸ್ತಾದಂತೆ ಸುತ್ತು ಕಿರಿದಾಗುತ್ತದೆ, ಪೆಟ್ಟಿಗೆಯಿಂದ ದೂರ ಸರಿಯುತ್ತಾರೆ, ಅಲೆ ಚಿಕ್ಕದಾಗುತ್ತದೆ. ನಾನು ನಾಲ್ಕನೆಯ ಅಧ್ಯಾಯದಲ್ಲಿ ಅರವತ್ತು ಪುಟ ವರ್ಣಿಸಿದ್ದು ಧ್ರುವಸಮುದ್ರವನ್ನಲ್ಲ, ಕಾಕಾನನ್ನು.

"ಖಾತ್ರಿ ಮಾಡಕೋಬೇಕು," ಎಂದರು. "ಟಿಲ್ಟ್ ಮೀಟರ್ ತಗೊಂಡು ಬಾ. ಹಿತ್ತಲದಾಗ ಇಡೂಣು."

"ಈಗಲೇ ತರ್ತೀನಿ."

"ಈಗ ಬ್ಯಾಡ. ನಾಳೆ ಪಾರಣಿ ಆದ ಮ್ಯಾಲೆ. ಉಂಡ ಹೆಜ್ಜೆನ ಬ್ಯಾರೆ, ಉಪವಾಸದ ಹೆಜ್ಜೆನ ಬ್ಯಾರೆ. ಖಾಲಿ ಹೊಟ್ಟಿಲೆ ಅಳತಿ ಮಾಡಿದ್ರ ಅದು ಸುಳ್ಳ ಅಳತಿ."

ಮರುದಿನ ದ್ವಾದಶಿ, ಬೆಳಿಗ್ಗೆ ಏಳೂವರೆ. ಕೆಂಟನ್ನಿನ ಹುಲ್ಲುಹಾಸಿನ ಮೂಲೆಯಲ್ಲಿ ಪೆಟ್ಟಿಗೆ ಹೂತೆವು. ಪಾರಣೆಯ ಊಟ ಮುಗಿಸಿ ಕಾಕಾ ಒಳಗಿಂದ ಬಂದಾಗ ಧ್ರುವದ ದಪ್ಪ ಕೆಂಪು ಕೋಟು, ಮೊಣಕಾಲಿನವರೆಗಿನ ಬೂಟು, ಟೋಪಿ, ಎರಡು ಜೊತೆ ಕೈಗವಸು, ಎಲ್ಲವೂ ಇದ್ದವು. ಜೂನ್ ತಿಂಗಳ ಬಿಸಿಲು. ಬಟ್ಟೆ ಒಣಹಾಕುವ ಕಂಬದ ಸುತ್ತ ನಡೆಯತೊಡಗಿದರು. ಸುತ್ತಿಗೆ ನೂರು ಹೆಜ್ಜೆ ಹಿತ್ತಲಿಗೆ ಹಿಡಿಸದ್ದರಿಂದ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡಿದ್ದರು, ಬಾಗಿಲಿಗೆ ಬಂದ ಹೊಸ ಮದುಮಗಳ ಹಾಗೆ.

ಪಕ್ಕದ ಮನೆಯ ಗುಜರಾತ್ ಮೂಲದ ಅಜ್ಜಿ ಬೇಲಿಯಾಚೆಯಿಂದ ಎರಡು ಸುತ್ತು ಸುಮ್ಮನೆ ನೋಡಿದರು. ಮೂರನೆಯ ಸುತ್ತಿಗೆ ಕಾಕುವನ್ನು ಹಿಂದಿಯಲ್ಲಿ ಕೇಳಿದರು, "ಏನು ಹರಕೆ?"

"ಹರಕೆ ಅಲ್ಲ, ಆಫೀಸ್ ಕೆಲಸ," ಎಂದರು ಕಾಕು.

"ಈ ವಯಸ್ಸಿನಲ್ಲೂ ಹೀಗೆ ದುಡಿಸುತ್ತಾರಾ?" ಎಂದು ಅಜ್ಜಿ ಮರುಕದಿಂದ ಒಳಗೆ ಹೋಗಿ ಒಂದು ಜಗ್ ನಿಂಬೆ ಪಾನಕ ತಂದರು. ಕಾಕಾ ಕುಡಿಯಲಿಲ್ಲ, ತೂಕ ಬದಲಾಗುತ್ತದೆ ಎಂದು.

ಏಳು ಸುತ್ತು ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಏಳು ಅಲೆ. ಮುಂದಿನದು ದೊಡ್ಡದು, ಹಿಂದಿನವು ಕ್ರಮವಾಗಿ ಚಿಕ್ಕವು. ಕಾಕಾ ಬೆವರಿಳಿಸುತ್ತ ಟೋಪಿ ತೆಗೆದು, "ನಾನ," ಎಂದರು. ಅಷ್ಟೇ.

ಆ ಸಂಜೆಯೇ ನಾನು ಪ್ರೊಫೆಸರಿಗೆ ಎಲ್ಲ ಹೇಳಿಬಿಟ್ಟೆ ಎಂಬುದು ನಾನು ಹನ್ನೊಂದು ವರ್ಷದಿಂದ ಹೇಳುತ್ತಿರುವ ಕತೆ. ಡೈರಿ ಹಾಗೆ ಹೇಳುವುದಿಲ್ಲ. ಡೈರಿಯಲ್ಲಿ ನಾಲ್ಕು ದಿನ ಖಾಲಿ, ಐದನೆಯ ದಿನ ಮತ್ತೆ ಕೆಂಟನ್.

ಅಡುಗೆಮನೆಯ ಮೇಜಿನಲ್ಲಿ ಕೂತು ನಾನು ದನಿ ತಗ್ಗಿಸಿ ಹೇಳಿದೆ, "ಕಾಕಾ, ಇದು ಗೊತ್ತಿರೋದು ನಮ್ಮಿಬ್ಬರಿಗೆ ಮಾತ್ರ."

"ಮೂರು ಮಂದಿಗೆ. ನಿಮ್ಮ ಕಾಕು ಒಳಗಿದ್ದಾಳ."

"ಕೇಳಸ್ತದ," ಎಂದರು ಕಾಕು ಒಳಗಿನಿಂದ.

"ಜಗತ್ತಿನ ಯಾವ ಪರೀಕ್ಷಕರ ಹತ್ತಿರ ಪಂಚಾಂಗ ಇರುತ್ತೆ ಕಾಕಾ? ಯಾರಿಗೂ ಯಾವತ್ತೂ ಗೊತ್ತಾಗಲ್ಲ."

"ನನ್ನ ಹತ್ರ ಅದ."

"ನಿಮಗೇ ಅವಮಾನ ಅಲ್ವಾ? ಪ್ರೊಫೆಸರನ್ನ ಹನ್ನೆರಡು ನಿಮಿಷ ಮಂಜಿನ ಮೇಲೆ ಕೂರಿಸಿದವರು ನೀವು. ಸೆಪ್ಟೆಂಬರಿನಲ್ಲಿ ನಿಮ್ಮ ರಿಟೈರ್ಮೆಂಟು. ಇಡೀ ಐದು ವಾರ ಶಿಬಿರದ ಗದ್ದಲ ನೀವೇ ಅಂತ ಗೊತ್ತಾದರೆ ಎಲ್ಲರೂ ನಗ್ತಾರೆ."

"ನಗತಾರ," ಎಂದು ಒಪ್ಪಿಕೊಂಡರು. ಅವರ ಕಿವಿ ಕೆಂಪಾಗಿತ್ತು. ಅದು ಅವರಿಗೆ ತಾಕಿತ್ತು ಎಂದು ಈಗ ಗೊತ್ತಾಗುತ್ತದೆ.

ಆಗ ನಾನು ಆಡಬಾರದ ಮಾತು ಆಡಿದೆ. ಪೆಟ್ಟಿಗೆಯನ್ನು ಅಲ್ಲಿಡಲು ನೀವೇ ಹೇಳಿದ್ದಲ್ಲವೇ ಎಂದೆ. ನಂಬಿಯೇ ಆಡಿದ್ದೆ, ಆಮೇಲೂ ಬಹಳ ವರ್ಷ ನಂಬಿದ್ದೆ. ಅವರು ಅಲ್ಲ ಎನ್ನಲಿಲ್ಲ. ಮೊನ್ನೆ ಶಿಬಿರದ ಡೈರಿಯಲ್ಲಿ ನನ್ನದೇ ಕೈಬರಹ ಸಿಕ್ಕಿತು: "ಕೇಬಲ್ ಗಿಡ್ಡ. ಟಿಲ್ಟ್ ಊಟದ ಡೇರೆಯ ಹತ್ತಿರವೇ ಇಟ್ಟೆ. ಕಾಕಾಗೆ ಹೇಳಿಲ್ಲ, ಹೇಳಿದರೆ ಬೇಡ ಅಂತಾರೆ."

ಅವತ್ತು ಅವರು ಹೇಳಿದ್ದು ಬೇರೆ. ನಾನು, ಇನ್ನು ನನ್ನ ಪ್ರಬಂಧದಲ್ಲಿ ಏನೂ ಉಳಿದಿಲ್ಲ, ನಿಮ್ಮನ್ನು ತೆಗೆದರೆ ಗೆರೆ ಸಪಾಟು, ಎಂದು ಅತ್ತೆ. ಕಾಕು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಗಂಡನನ್ನು ದುರುಗುಟ್ಟಿ ನೋಡಿದರು.

"ಸಪಾಟು ಅದ ಅನ್ನೂದು ಸಣ್ಣ ಮಾತೇನು?" ಎಂದರು ಕಾಕಾ. "ಒಬ್ಬ ಮುದುಕ ಉಂಡು ಅಡ್ಡಾಡಿದ್ದು ಅಷ್ಟು ಸ್ವಚ್ಛ ಕಾಣಸ್ತದ ಅಂದ್ರ, ಆ ಜಾಗಾ ಎಷ್ಟು ಶಾಂತ ಇರಬೇಕು ವಿಚಾರ ಮಾಡು. ಒಂದು ಖರೇ ಅಲೆ ಇದ್ದಿದ್ರ ನಾ ಅದರಾಗ ಮುಚ್ಚಿಹೋಗತಿದ್ದೆ. ಕೊಳವಿ ಸೈತ ಅದನ್ನ ಹೇಳ್ಯದ, ನೀರು ಕಲಕವಲ್ಲದು ಅಂತ. ನೀನ ಅಲೆ ಬೇಕು ಅಂತ ಅದನ್ನ ಮೂರನೇ ಅಧ್ಯಾಯದಾಗ ಮೂಲಿಗೆ ಕುಂದ್ರಿಸೀದಿ."

ಅದು ನಿಜವಾಗಿತ್ತು. ಕೊಳವೆಯ ದಾಖಲೆಯಲ್ಲಿ ಸುಳಿ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೆಳಗಿನ ಬಿಸಿ ಮೇಲೆ ಬರುತ್ತಿರಲಿಲ್ಲ. ಆ ನಿಶ್ಚಲತೆಯೇ ಉತ್ತರವಾಗಿತ್ತು. ನಾನು ಅಲೆಯ ಸಡಗರದಲ್ಲಿ ಅದನ್ನು ಎರಡು ಪುಟಕ್ಕೆ ಇಳಿಸಿದ್ದೆ.

ಎಂಟು ದಿನದಲ್ಲಿ ನಾಲ್ಕನೆಯ ಅಧ್ಯಾಯ ಹೊಸದಾಗಿ ಬರೆದೆ. ಅದಕ್ಕೂ ಮುಂಚೆ ನಾನು ಹೇಳಿದ್ದನ್ನು ಪ್ರೊಫೆಸರ್ ಪೂರ್ತಿ ಕೇಳಿ, ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಆದರೆ ಅಳುವಲ್ಲ. "ಆ ಹನ್ನೆರಡು ನಿಮಿಷ," ಎಂದಷ್ಟೇ ಹೇಳಿ ಪರೀಕ್ಷಕರಿಗೆ ತಾವೇ ಪತ್ರ ಬರೆದರು.

ಕಾಕಾ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ಪ್ರತಿ ಉಪಕರಣಕ್ಕೂ ಅವರು ಬರೆಯುತ್ತಿದ್ದ ನಮೂನೆಯಲ್ಲೇ ಅದು ಇತ್ತು. ಉಪಕರಣ: ಕೆಳಗೆ ಸಹಿ ಮಾಡಿದವನು. ತೂಕ: ಬೂಟು, ಕೋಟು ಸಮೇತ ತೊಂಬತ್ತೊಂದು ಕಿಲೋ. (ಇಲ್ಲಿ ಕಾಕು ತೊಂಬತ್ನಾಲ್ಕು ಎಂದು ತಕರಾರು ತೆಗೆದು, ಬಾತ್‌ರೂಮಿನ ತಕ್ಕಡಿ ತರಿಸಿ, ಗೆದ್ದರು. ತಿದ್ದುಪಡಿಗೆ ಇಬ್ಬರ ಸಹಿ.) ಕೆಲಸ ಮಾಡುವ ಸಮಯ: ಪ್ರತಿ ಊಟದ ನಂತರ ಇಪ್ಪತ್ತು ನಿಮಿಷ. ಮಾರ್ಗ: ಊಟದ ಡೇರೆಯ ಸುತ್ತ, ಬಲಕ್ಕೆ. ತಿಳಿದಿರುವ ದೋಷ: ಎರಡನೆಯ ಸುತ್ತಿನಿಂದ ವೃತ್ತ ಕಿರಿದಾಗುತ್ತದೆ. ಕೆಲಸ ಮಾಡದ ದಿನಗಳು: ಏಕಾದಶಿ, ಧಾರವಾಡದ ಸೂರ್ಯೋದಯದ ಪ್ರಕಾರ. ಇದನ್ನು ಪ್ರಬಂಧದ ಕೊನೆಗೆ ಅನುಬಂಧವಾಗಿ ಸೇರಿಸಿದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಧ್ರುವಸಮುದ್ರದಲ್ಲೇ ಕೂದಲು ಬಿಳಿ ಮಾಡಿಕೊಂಡ ಒಬ್ಬ ಸ್ಕಾಟಿಷ್ ಹಿರಿಯರು. ಎರಡು ಗಂಟೆ ನಿಶ್ಚಲತೆಯ ಬಗ್ಗೆ ಹಿಂಡಿದರು. ಕೊನೆಗೆ ಅನುಬಂಧ ತೆಗೆದರು. ಹೊರಗೆ ಬಂದು ಕಾರಿಡಾರಿನಿಂದಲೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಪಾಸಾಯ್ತು ಕಾಕಾ. ಒಂದೇ ಒಂದು ತಿದ್ದುಪಡಿ."

"ಅದು ಆಗೂದು ಇತ್ತು. ನನ್ನ ಕಾಗದ ನೋಡಿ ನಕ್ಕರೇನು?"

ಸುಳ್ಳು ಹೇಳಬೇಕೆನಿಸಿತು. "ನಕ್ಕರು."

"ಎಷ್ಟೊತ್ತು?"

"ಒಂದೆರಡು ನಿಮಿಷ. ಆಮೇಲೆ ಆ ಹಿರಿಯರು ಕಣ್ಣು ಒರೆಸಿಕೊಂಡು, ಉಪವಾಸದ ಮಾರನೇ ದಿನ ಏನಾದರೂ ವ್ಯತ್ಯಾಸ ಇದೆಯಾ ಅಂತ ಕೇಳಿದರು. ನಾನು ನೋಡಿಲ್ಲ ಅಂದೆ. ಅದೇ ತಿದ್ದುಪಡಿ."

ಆ ಕಡೆ ಕಾಕು ಏನೋ ಕೇಳುತ್ತಿದ್ದದ್ದು, ಅವರು ಕೈಯಲ್ಲಿ ಸುಮ್ಮನಿರು ಎಂದದ್ದು ಇಲ್ಲಿಂದಲೇ ತಿಳಿಯಿತು.

"ಹಂಗಾರ ಪೂರ್ತಿ ಓದ್ಯಾರ," ಎಂದರು. ಅಷ್ಟು ಸಮಾಧಾನದ ದನಿಯನ್ನು ಅವರಲ್ಲಿ ನಾನು ಕೇಳಿರಲಿಲ್ಲ. "ವ್ಯತ್ಯಾಸ ಅದ. ದ್ವಾದಶಿ ದಿವಸ ಮೊದಲನೇ ಊಟ ಭಾರ ಆಗತಿತ್ತು ಅಲ್ಲೆ, ಒಂದು ಸುತ್ತು ಹೆಚ್ಚಿಗಿ ಹಾಕತಿದ್ದೆ. ಎಂಟು ಇರತಾವ."

"ಮೊನ್ನೆ ಹಿತ್ತಲಲ್ಲಿ ಏಳೇ ಹಾಕಿದ್ದಿರಿ."

"ಹಿತ್ತಲದಾಗ ಆ ಕೋಟಿನ್ಯಾಗ ಎಂಟನೇದು ಹಾಕಿದ್ರ ಅಲ್ಲೇ ಬೀಳತಿದ್ದೆ."

"ಮತ್ತೆ ಕಾಗದದಲ್ಲಿ ಅದನ್ನ ಬರೀಲಿಲ್ಲವಲ್ಲ ಕಾಕಾ?"

"ನೀ ಎಣಿಸಿರತೀದಿ ಅಂತ ತಿಳಕೊಂಡಿದ್ದೆ."

ನೆಲಮಾಳಿಗೆಗೆ ಇಳಿದು ಹೋದೆ. ಆ ಮೂರು ದ್ವಾದಶಿಯ ಗೆರೆಗಳನ್ನು ತೆರೆದು, ಪರದೆಗೆ ಬೆರಳು ಹಚ್ಚಿ ಎಣಿಸಿದೆ. ಎಂಟು. ಎಂಟು. ಎಂಟು. ಎರಡು ವರ್ಷ ದಿನವೂ ನೋಡಿದ್ದ ಗೆರೆಗಳವು. ಪ್ರಬಂಧದ ಕೋಷ್ಟಕದಲ್ಲಿ ಆ ಮೂರು ದಿನಗಳ ಎದುರಿಗೂ ಏಳು ಎಂದು ಬರೆದು, ಪಕ್ಕದಲ್ಲಿ "ಪರಿಶೀಲಿಸಿದೆ" ಎಂದು ಗುರುತು ಹಾಕಿದ್ದೆ.